ಟೈಲರ್ ಕಾಕ ಕೊಟ್ಟ ಮಾತು

ಟೈಲರ್ ಕಾಕನ ಬಲಗೈ ಹೆಬ್ಬೆರಳು ಕತ್ತರಿ ಹಿಡಿದು ಹಿಡಿದು ಹೊರಕ್ಕೆ ಬಾಗಿತ್ತು. ಚಹಾದ ಲೋಟ ಹಿಡಿದರೂ ಅದೊಂದು ದೂರವೇ ನಿಲ್ಲುತ್ತಿತ್ತು. ಮಕ್ಕಳಿಲ್ಲದ ವಿಧುರ, ಸೌದಿಯ ಜಿದ್ದಾದ ಹಳೆಯ ಪೇಟೆಯಲ್ಲಿ ಮೂವತ್ತು ವರ್ಷ ಅರಬರ ಉದ್ದಂಗಿ ಹೊಲಿದವರು. ನಾನು ಊರಿನಿಂದ ಬಂದ ಹೊಸತರಲ್ಲಿ ಕೆಲಸವಿಲ್ಲದೆ ನಾಲ್ಕು ತಿಂಗಳು ಅವರ ಕೋಣೆಯಲ್ಲೇ ಬಿದ್ದುಕೊಂಡಿದ್ದೆ. "ಕೆಲಸದ್ದು ಎಂತ ಆಯ್ತು?" ಎಂದು ಒಂದು ದಿನವೂ ಕೇಳಿದವರಲ್ಲ.

ಅವರಿಗಿದ್ದದ್ದು ಒಂದೇ ಹುಚ್ಚು, ಊರಿನ ನಮ್ಮ ಕೇರಿಯ ನೀರು. ಕಡಲ ಬದಿಯ ಬಾವಿಗಳೆಲ್ಲ ಉಪ್ಪು. "ಇಲ್ಲಿ ಮರಳುಗಾಡಲ್ಲಿ ನಳ್ಳಿ ತಿರುಗಿಸಿದ್ರೆ ಸಿಹಿನೀರು. ನಮ್ಮ ಹೆಂಗಸರು ಕೊಡ ಹಿಡ್ಕೊಂಡು ಟ್ಯಾಂಕರಿಗೆ ಕಾಯ್ಬೇಕು. ಎಂತ ಅವಸ್ಥೆ ಮಾರಾಯ!" ಎನ್ನುತ್ತಿದ್ದರು. ಕಳೆದ ಪುರಸಭೆ ಚುನಾವಣೆಗೆ ಅಂಗಡಿ ಬಿಟ್ಟು ಊರಿಗೆ ಹೋಗಿ ಪಕ್ಷೇತರನಾಗಿ ನಿಲ್ಲುತ್ತೇನೆಂದು ಹಟ ಹಿಡಿದರು.

ನಮ್ಮ ವಾರ್ಡಿನದೊಂದು ಪದ್ಧತಿ ಇದೆ. ಮನೆಗೊಬ್ಬ ಗಂಡಸು ಜಿದ್ದಾದಲ್ಲಿರುವುದರಿಂದ ಪಕ್ಷದ ಟಿಕೆಟ್ ಯಾರಿಗೆಂದು ಇಲ್ಲೇ, ಒಂದು ಶುಕ್ರವಾರ ಜುಮಾ ಮುಗಿಸಿ, ಬಿರಿಯಾನಿ ಉಂಡು, ಕೈ ಎತ್ತಿ ತೀರ್ಮಾನಿಸುತ್ತೇವೆ. ಊರಿನ ಪಕ್ಷದವರು ಅದನ್ನೇ ಒಪ್ಪುತ್ತಾರೆ. ಪಕ್ಷದವನಲ್ಲದವನೂ ಹೆಸರು ಕೊಡಬಹುದು. ಆದರೆ ಇಲ್ಲಿ ಸೋತರೆ ಪಕ್ಷೇತರನಾಗಿಯೂ ನಿಲ್ಲುವುದಿಲ್ಲವೆಂದು ಎಲ್ಲರೆದುರು ಮೊದಲೇ ಮಾತು ಕೊಡಬೇಕು.

ಕಾಕ ಬೇರೆ ನಿಂತರೆ ಗೆದ್ದಾರೆಂಬ ಹೆದರಿಕೆ ಪಕ್ಷದವರಿಗಿತ್ತು. ಅವರನ್ನು ಒಳಗೆ ಕರೆತರಲು ನನ್ನನ್ನು ಕಳಿಸಿದರು.

"ಬೇಡ ಮಾರಾಯ. ಅವರ ಮನೆ ಪಂಚಾತಿಗೆಗೆ ನಾನ್ಯಾಕೆ? ಕೇರಿಯವರು ಬೇಕಂದ್ರೆ ಓಟು ಹಾಕ್ಲಿ, ಇಲ್ಲಾಂದ್ರೆ ಬೇಡ."

"ಓಟು ಹಂಚಿಹೋದ್ರೆ ಮೂರನೆಯವ ಗೆಲ್ತಾನೆ ಕಾಕ. ಒಳಗೆ ಬನ್ನಿ, ಹುಡುಗರೆಲ್ಲ ನಿಮ್ಮ ಕಡೆಯೇ."

ಕತ್ತರಿ ಕೆಳಗಿಟ್ಟು, "ನೀನು ಹೇಳ್ತಿ ಅಂತ ಬರ್ತೇನೆ" ಎಂದರು.

ಟಿಕೆಟ್ಟು ಜಿದ್ದಾದಲ್ಲಿ ನನಗೆ ಕೆಲಸ ಕೊಟ್ಟ ನಮ್ಮೂರಿನ ಕಾಂಟ್ರಾಕ್ಟರರ ತಮ್ಮನಿಗೆಂದು ಆಗಲೇ ನಿಕ್ಕಿಯಾಗಿತ್ತು. ನನಗೆ ತಿಳಿದಿರಲಿಲ್ಲ ಎಂದರೆ ಸುಳ್ಳಾದೀತು.

ಆ ಶುಕ್ರವಾರ ಕಾಕ ಎದ್ದುನಿಂತು ಮಾತು ಕೊಟ್ಟರು. ಅವರ ಹೆಸರು ಕೂಗಿದಾಗ ಎದ್ದದ್ದು ನಾಲ್ಕೇ ಕೈ. ನನ್ನದೂ ಎದ್ದಿತ್ತು; ಕಾಂಟ್ರಾಕ್ಟರರು ಇತ್ತ ತಿರುಗಿದ್ದೇ ತಡ, ತಲೆ ಕೆರೆದುಕೊಂಡು ಕೆಳಗಿಳಿಯಿತು. ಥೂ, ನನ್ನ ಜನ್ಮಕ್ಕಿಷ್ಟು! ಕಾಕ ಅದನ್ನು ನೋಡಿದರು.

ಮರುದಿನದಿಂದ ಕೇರಿಯ ಹೆಂಗಸರ ಫೋನು: "ನೀವು ನಿಲ್ಲಿ, ನಾವಿದ್ದೇವೆ." ನಾನೂ ಅಂಗಡಿಗೆ ಹೋಗಿ, "ಮೊದಲೇ ಎಲ್ಲ ನಿಕ್ಕಿಯಾಗಿತ್ತು ಕಾಕ, ಇದು ಮೋಸ. ಆ ಮಾತು ಬಿಡಿ, ನಿಲ್ಲಿ" ಎಂದು ಅತ್ತೆ.

"ಮೋಸ ಅವರದ್ದು. ಮಾತು ನನ್ನದಲ್ವ? ಕತ್ತರಿ ಹಾಕಿದ ಬಟ್ಟೆಯನ್ನು ತಿರುಗಿ ಥಾನಿಗೆ ಸೇರಿಸ್ಲಿಕ್ಕೆ ಆಗ್ತದಾ?" ಎಂದು ಮಿಷನ್ ತುಳಿಯತೊಡಗಿದರು. ನನ್ನ ಕೈಯ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕಾಕ ಊರಿಗೇ ಹೋಗಲಿಲ್ಲ. ಕೊಡ ಹಿಡಿದು ನಿಂತವರಿಗೆ ಯಾವ ಮುಖ ತೋರಿಸಲಿ ಎನ್ನುತ್ತಿದ್ದರು. ಎರಡು ವರ್ಷ ಕಳೆದು, ಎದೆನೋವು ಬಂದು ಇಲ್ಲೇ ತೀರಿಕೊಂಡರು. ಅಂದು ಇಳಿದ ಅದೇ ಕೈಯಿಂದ ಮೂರು ಹಿಡಿ ಮಣ್ಣು ಹಾಕಿ ಬಂದೆ.

ಸುದ್ದಿ ತಿಳಿಸಲು ಊರಿಗೆ ಫೋನ್ ಮಾಡಿದರೆ ಉಮ್ಮ ಎತ್ತಲಿಲ್ಲ. ಒಂದು ಗಂಟೆ ಬಿಟ್ಟು ಅವರೇ ಮಾಡಿದರು.

"ಟ್ಯಾಂಕರ್ ಬಂದಿತ್ತು ಮಗಾ, ಸಾಲಲ್ಲಿ ನಿಂತಿದ್ದೆ. ಎಂತ ವಿಷಯ?"