ಎಲ್ಲರ ಕಂಪ್ಯೂಟರಿನಲ್ಲೂ ನನ್ನ ‘ಮಗ’

ನನ್ನ ಮೊಮ್ಮಗಳು ನನಗೊಂದು ಕಂಪ್ಯೂಟರು ಸಿದ್ಧ ಮಾಡಿಕೊಟ್ಟಿದ್ದಾಳೆ! ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನಗೆ, ಅಮೆರಿಕದ ಸನ್ನಿವೇಲ್‌ನಲ್ಲಿರುವ ಮಗನ ಮನೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ಪರದೆ ತುಂಬ ಕನ್ನಡದ ದಪ್ಪಕ್ಷರ. ಈ ಸಂತೋಷವನ್ನು ಎಲ್ಲಿಡಲಿ ಹೇಳಿ.

ಮೊದಲೆಲ್ಲ ಮಂಡ್ಯದಲ್ಲಿರುವ ತಂಗಿಯ ಹತ್ತಿರ ಮಾತಾಡಬೇಕೆಂದರೆ ಮಗನದೋ ಸೊಸೆಯದೋ ಮೀಟಿಂಗು ಮುಗಿಯುವುದನ್ನು ಕಾಯಬೇಕಿತ್ತು. ಕಾಲೇಜಿನ ರಜೆಗೆ ಬಂದ ಮೊಮ್ಮಗಳು ಅದನ್ನು ನೋಡಿ ಮೂರು ಸಣ್ಣ ಪ್ರೋಗ್ರಾಮು ಬರೆದಳು. ಫೋನು ಮಾಡಲು ಒಂದು, ಹಬ್ಬ ಹುಟ್ಟುಹಬ್ಬ ನೆನಪಿಸಲು ಒಂದು, ಫೋಟೋ ನೋಡಲು ಒಂದು.

“ಮೂರೂ ಸೆಪರೇಟ್ ಅಜ್ಜಿ. ಒಂದು ಹಾಳಾದ್ರೂ ಇನ್ನೊಂದು ವರ್ಕ್ ಆಗತ್ತೆ. ಆದ್ರೆ ನಮ್ ಜನರ ಡೀಟೇಲ್ಸ್ ಮಾತ್ರ ಒಂದೇ ಕಡೆ ಇರತ್ತೆ. ಮನೇಲಿ ಎಲ್ಲರ ಕಂಪ್ಯೂಟರೂ ಅಲ್ಲಿಂದಾನೇ ತಗೊಳತ್ತೆ.”

“ಒಗ್ಗರಣೆ ಡಬ್ಬಿ ಇದ್ದಂಗೆ ಅನ್ನು. ಸಾರಿಗೂ ಅದೇ ಸಾಸಿವೆ, ಪಲ್ಯಕ್ಕೂ ಅದೇ.”

“ಎಕ್ಸಾಕ್ಟ್ಲೀ!” ಎಂದು ನನ್ನ ಕೆನ್ನೆ ಹಿಂಡಿದಳು.

ಮಾರನೇ ದಿನ ನಾನೊಬ್ಬಳೇ ಕೂತು ಮಗನ ಚಿತ್ರ ಒತ್ತಿದೆ. ಕೆಳಗೆ ಆಫೀಸಿನಲ್ಲಿ ಬರೆಯುವ ಅವನ ಪೂರ್ತಿ ಹೆಸರು, ಇನಿಷಿಯಲ್ಲು ಸಮೇತ! ಹೆತ್ತವಳು ಹಾಗೆ ಕರೆಯುತ್ತಾಳೆಯೇ? ಅಳಿಸಿ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ‘ಮಗ’ ಎಂದು ಬರೆದೆ. ಬೀಗುತ್ತಾ ಕಾಫಿ ಕುಡಿಯುತ್ತಿದ್ದೆ, ಮೇಲಿನಿಂದ ಸೊಸೆ ಇಳಿದು ಬಂದಳು.

“ಅತ್ತೆ, ನನ್ ಕಂಪ್ಯೂಟರಲ್ಲಿ ನಮ್ಮನೆಯವರು ‘ಮಗ’ ಆಗ್ಬಿಟ್ಟಿದಾರೆ! ಮದುವೆ ಫೋಟೋ ಕೆಳಗೂ ‘ಮಗ’ ಅಂತಿದೆ!”

“ನನ್ನದ್ರಲ್ಲೂ!” ಮೊಮ್ಮಗಳು ಸೋಫಾದ ಮೇಲೆ ಉರುಳಾಡಿ ನಕ್ಕಳು. “ಅಪ್ಪ, ನೀನೀಗ ನನ್ ಸನ್ನು. ಹೋಗಿ ಹೋಮ್‌ವರ್ಕ್ ಮಾಡು.”

ಮಗನೂ ನಕ್ಕ. ಆದರೆ, “ಅವ್ವಂದು ನೋಡಕ್ಕೆ ಮಾತ್ರ ಇಟ್ಬಿಡು, ಬರೆಯೋದು ಬೇಡ. ಇನ್ನೂ ಏನೇನು ಆಗತ್ತೋ,” ಎಂದುಬಿಟ್ಟ.

ನನ್ನ ಮುಖ ಸಣ್ಣದಾಯಿತು. ನೋಡುವುದಕ್ಕಾದರೆ ಗೋಡೆಯ ಮೇಲೆ ಕ್ಯಾಲೆಂಡರು ಸಾಲದೇ? ಎಷ್ಟೋ ವರ್ಷಗಳ ಮೇಲೆ ನನ್ನ ಕೈಯಾರೆ ಒಂದಕ್ಷರ ಬರೆದಿದ್ದೆ. ಲೋಟ ತೊಳೆಯಲು ಎದ್ದೆ.

“ನೋ ಅಪ್ಪ,” ಎಂದಳು ಮೊಮ್ಮಗಳು. “ಅದು ಅಜ್ಜಿ ಮಿಸ್ಟೇಕ್ ಅಲ್ಲ, ನನ್ ಡಿಸೈನ್ ಮಿಸ್ಟೇಕ್. ಅಜ್ಜಿ, ಬಾ ಇಲ್ಲಿ. ಅಪ್ಪನ್ನ ಯಾರ್‍ಯಾರು ಏನಂತ ಕರೀತಾರೆ ಹೇಳು.”

“ನಂಗೆ ಮಗ, ನಿಂಗೆ ಅಪ್ಪ. ನನ್ ತಂಗೀಗೂ ಮಗನೇ, ಅವಳ ಮಕ್ಕಳಿಗೆ ಅಣ್ಣ. ಆಳು ಒಬ್ನೇ ಕಣವ್ವ.”

“ಕರೆಕ್ಟ್. ನಂಬರು, ಬರ್ತ್‌ಡೇ ಎಲ್ಲರಿಗೂ ಒಂದೇ. ಕರೆಯೋ ಹೆಸರು ಮಾತ್ರ ಅವರವರ ಕಂಪ್ಯೂಟರಲ್ಲೇ ಇರಬೇಕು.”

ಆ ವಾರವೆಲ್ಲ ಅವಳು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. ನಾನು ಚಕ್ಕುಲಿ ಒದಗಿಸಿದೆ.

ಶನಿವಾರ ನನ್ನನ್ನು ಮೇಜಿನ ಮುಂದೆ ಕೂರಿಸಿ, “ಈಗ ಏನ್ ಬೇಕಾದ್ರೂ ಬರಿ,” ಎಂದಳು. ಮಗ, ಸೊಸೆ ತಮ್ಮ ತಮ್ಮ ಕಂಪ್ಯೂಟರು ಹಿಡಿದು ಎದುರಿಗೆ ಕೂತರು. ನಾನು ಮೊಮ್ಮಗಳ ಚಿತ್ರ ಒತ್ತಿ, ಅವಳ ಹೆಸರು ಅಳಿಸಿ, ‘ಅವ್ವ’ ಎಂದು ಬರೆದೆ. ಹುಟ್ಟಿದಾಗಿನಿಂದ ಅವಳನ್ನು ನಾನು ಕರೆಯುವುದೇ ಹಾಗೆ. ಬರೆದ ಮೇಲೆ ನೆನಪಾಯಿತು. ಮಗನ ಕಂಪ್ಯೂಟರಿನಲ್ಲಿ ‘ಅವ್ವ’ ಎಂದರೆ ನಾನಲ್ಲವೇ!

“ಕಲಸುಮೇಲೋಗರ ಆಯ್ತಾ?” ಎಂದು ಕೇಳಿದೆ.

ಮಗ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದ. ‘ಅವ್ವ’ ಎಂಬಲ್ಲಿ ನನ್ನ ಫೋಟೋ, ಹಾಗೇ ಇತ್ತು. “ಇಲ್ಲ ಕಣವ್ವ. ನೀನು ಬರ್ಕೋ ಹೋಗು,” ಎಂದ.

ನಾನು ಧೈರ್ಯ ಮಾಡಿ ನನ್ನ ‘ಅವ್ವ’ನಿಗೆ ಫೋನು ಒತ್ತಿದೆ. ಪಕ್ಕದಲ್ಲೇ ಕೂತಿದ್ದವಳ ಜೇಬಿನಲ್ಲಿ ಫೋನು ರಿಂಗಾಯಿತು. ಅವಳು ಬೇಕೆಂದೇ ಗಂಭೀರವಾಗಿ ಎತ್ತಿಕೊಂಡು, “ಹಲೋ, ಯಾರು ಮಾತಾಡೋದು?” ಎಂದಳು.

“ನಿನ್ ಮಗಳು ಕಣವ್ವ,” ಎಂದೆ.