ಹದಿನಾರೋ ಇಪ್ಪತ್ತೋ

ಜಿಂಕೆ ಬೇಟೆಗೆಂದು ನನ್ನ ಗಂಡ ಪ್ರತಿ ನವೆಂಬರಿನಲ್ಲಿ ಅಪ್‌ಸ್ಟೇಟ್ ನ್ಯೂಯಾರ್ಕಿಗೆ ಹೋಗುತ್ತಿದ್ದರು. ಕೊಡಗಿನವರು, ಕೋವಿಯಿಲ್ಲದ ಮನೆ ಅವರಿಗೆ ಮನೆಯೇ ಅಲ್ಲ. ಕ್ಯಾನ್ಸರಿಗೆ ಕೀಮೋ ಶುರುವಾದ ಮೇಲೆ ಹಳೆಯ ರೈಫಲ್ ಭಾರವಾಯಿತು. ಪಿಸ್ತೂಲಿನ ಗುಂಡನ್ನೇ ಹಾರಿಸುವ, ಕೆಳಗಿನ ಹಿಡಿಕೆ ಎಳೆದು ಗುಂಡೇರಿಸುವ ಹಗುರವಾದ ಲಿವರ್ ರೈಫಲ್ ಕೊಳ್ಳಬೇಕೆಂದರು. ನಳಿಗೆ ಹದಿನಾರು ಇಂಚಿನದೋ ಇಪ್ಪತ್ತರದೋ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಬ್ರಿಡ್ಜ್‌ವಾಟರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಎರಡೂ ರೈಫಲ್‌ಗಳ ಉದ್ದಕ್ಕೆ ಕೋಲು ಕತ್ತರಿಸಿ, ತೂಕಕ್ಕೆ ಬೋಲ್ಟು ಕಟ್ಟಿ, ಒಂದೊಂದನ್ನೇ ಭುಜಕ್ಕೇರಿಸಿ ನೋಡಿದರು.

"ಗಿಡ್ಡದ್ದು ಪೊದೆಗೆ ಸಿಕ್ಕಿಹಾಕ್ಕೊಳ್ಳಲ್ಲ. ಉದ್ದದ್ರಲ್ಲಿ ಗುಂಡಿಗೆ ಸ್ವಲ್ಪ ಸ್ಪೀಡ್ ಜಾಸ್ತಿ, ಕಿವಿಗೆ ಸದ್ದು ಕಡಿಮೆ," ಎಂದರು.

"ಹಾಗಾದ್ರೆ ಉದ್ದದ್ದೇ ತಗೊಳ್ಳಿ. ನಿಮ್ಮ ಕಿವಿ ಮೊದಲೇ ಮಂದ."

"ನಿನ್ನ ಮಾತು ಕೇಳಿಸಬಾರದು ಅಂದ್ರೆ ಗಿಡ್ಡದ್ದೇ ಬೇಕಲ್ಲ!"

ನಗುತ್ತಲೇ ಉದ್ದದ್ದನ್ನು ಎತ್ತಿ ಹಿಡಿದರು. ಅದರ ತುದಿ ನಡುಗುತ್ತಿತ್ತು. "ಬೇಡ, ಗಿಡ್ಡದ್ದೇ ಇರಲಿ ಬಿಡಿ," ಎಂದುಬಿಟ್ಟೆ. ನಾನು ಏನು ಕಂಡೆನೆಂದು ಅವರಿಗೆ ತಿಳಿಯಿತು. ಎರಡೂ ಕೋಲುಗಳನ್ನು ಗೋಡೆಗೆ ಒರಗಿಸಿದರು. ಮತ್ತೆ ರೈಫಲ್ಲಿನ ಮಾತೆತ್ತಲಿಲ್ಲ.

ಅಕ್ಟೋಬರಿನಲ್ಲಿ ತೀರಿಕೊಂಡರು. ಕೊಡವರಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ನಮ್ಮ ಬೀದಿಯಲ್ಲಿ ಅದು ಆಗದ ಮಾತು. ಕೊಡಗಿನಲ್ಲಿ ಮೈದುನ ಹಾರಿಸಿ, ಫೋನಿನಲ್ಲಿ ನನಗೆ ಕೇಳಿಸಿದ. ಸದ್ದು ತೀರ ಸಣ್ಣದಾಗಿತ್ತು.

ಕೋಲುಗಳು ಇನ್ನೂ ಗ್ಯಾರೇಜಿನ ಗೋಡೆಗೇ ಒರಗಿವೆ. ಕಾರು ನಿಲ್ಲಿಸಿದಾಗಲೆಲ್ಲ ಹೆಡ್‌ಲೈಟಿನ ಬೆಳಕು ಅವುಗಳ ಮೇಲೆ ಬೀಳುತ್ತದೆ. ಅವತ್ತು ನಾನು ಸುಮ್ಮನಿರಬಹುದಿತ್ತು. ಹದಿನಾರೋ ಇಪ್ಪತ್ತೋ ಎಂದು ಯೋಚಿಸುವ ಕೆಲಸವಾದರೂ ಕೊನೆಯವರೆಗೆ ಅವರಿಗೆ ಉಳಿಯುತ್ತಿತ್ತು.