ಎಲ್ಲರಿಗಿಂತ ಮೊದಲು ಓಡುವ ಮೋಟರು

ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬೆಳಗ್ಗೆ ಒಂಬತ್ತಾಗುತ್ತಿದ್ದಂತೆ ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟು ಅಂಗಡಿಯ ಬಾಗಿಲಿಗೆ ಬರುತ್ತೇನೆ, ಗಡಿಯಾರ ನೋಡುತ್ತೇನೆ, ಒಳಗೆ ಹೋಗುತ್ತೇನೆ, ಮತ್ತೆ ಬರುತ್ತೇನೆ. ಎದುರಿನ ಟೀ ಅಂಗಡಿಯವರು ಇದನ್ನು ನೋಡಿ ನೋಡಿ ಸಾಕಾಗಿ ನಗುವುದನ್ನೂ ಬಿಟ್ಟಿದ್ದಾರೆ. ಒಂಬತ್ತಕ್ಕೆ ಹಳ್ಳಿಗಳ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಬರುತ್ತದೆ. ಅದು ಬಂದು ಏಳು ನಿಮಿಷ ಕಳೆಯುವವರೆಗೆ ನನ್ನಿಂದ ಒಂದು ಸುತ್ತು ತಂತಿ ಸುತ್ತಲೂ ಆಗುವುದಿಲ್ಲ.

ಕೆ.ಆರ್. ಪೇಟೆಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರುಗಳ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ನಮ್ಮದು ಕಮ್ಮಾರರ ಮನೆತನ. ಅಪ್ಪ ಹೊಸಹೊಳಲಿನ ಪಕ್ಕದ ನಮ್ಮೂರಲ್ಲಿ ಕುಲುಮೆ ಇಟ್ಟುಕೊಂಡಿದ್ದರು. ಉಳುಮೆಯ ಕಾಲ ಬಂತೆಂದರೆ ರೈತರು ನೇಗಿಲಿನ ಕುಳ ತಟ್ಟಿಸಲು ಬರೋರು. ಕುಲುಮೆಯ ಮುಂದೆ ಒಂದು ಉದ್ದನೆಯ ಚಪ್ಪಡಿ ಕಲ್ಲಿತ್ತು. ಬಂದವರು ಬಂದ ಹಾಗೆ ತಮ್ಮ ಕುಳವನ್ನು ಅದರ ಮೇಲೆ ಸಾಲಾಗಿ ಇಟ್ಟು ತಮ್ಮ ಕೆಲಸಕ್ಕೆ ಹೋಗಿಬಿಡೋರು. ಆ ಸಾಲನ್ನು ಯಾರೂ ಕದಲಿಸುತ್ತಿರಲಿಲ್ಲ. ಊರಿನ ದೊಡ್ಡ ಮನುಷ್ಯರ ಕುಳವೂ ಸಾಲಿನಲ್ಲೇ ಕಾಯುತ್ತಿತ್ತು. ಅಪ್ಪ ಯಾರಿಗೂ ನಿಂದು ಮೊದಲು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಆ ಮಾತನ್ನು ನಮ್ಮ ವಂಶದಲ್ಲಿ ಮೊದಲು ಹೇಳಿದವನು ನಾನೇ.

ನನಗೆ ಪೇಪರ್ ಓದುವ ಚಟ. ಅಂಗಡಿಗೆ ಬಂದವರಿಗೆ ಪಾಠ ಹೇಳುವ ಚಟ ಅದಕ್ಕಿಂತ ಹೆಚ್ಚು. ದೇಶದ ಇಂಧನ ಭದ್ರತೆ ಎಂದರೆ ಏನು, ನಾವು ಯಾಕೆ ಹೊರಗಿನ ಎಣ್ಣೆ ಹಡಗುಗಳನ್ನು ನಂಬಿಕೊಂಡಿರಬಾರದು, ಪಾಂಡವಪುರದ ಕಬ್ಬು ಹೇಗೆ ಬೆಲ್ಲವಾಗುವ ಬದಲು ಎಥನಾಲ್ ಆಗಿ ಪೆಟ್ರೋಲಿಗೆ ಬೆರೆಯುತ್ತದೆ, ಎಲ್ಲವನ್ನೂ ಮೋಟರ್ ಬಿಚ್ಚುತ್ತಲೇ ವಿವರಿಸುತ್ತಿದ್ದೆ. ಎಲ್ಲೋ ಯುದ್ಧವಾದರೆ ಪ್ರತಿ ದೇಶವೂ ಮೊದಲು ತನ್ನ ಟ್ಯಾಂಕು ತುಂಬಿಸಿಕೊಳ್ಳಲು ನುಗ್ಗುತ್ತದೆ, ಅದರಿಂದಲೇ ಎಲ್ಲರಿಗೂ ಅಭಾವವಾಗುತ್ತದೆ, ಎಷ್ಟು ಅವಿವೇಕ ನೋಡಿ ಎಂದು ಆ ದೇಶಗಳಿಗೆ ಇಲ್ಲಿಂದಲೇ ಬುದ್ಧಿ ಹೇಳುತ್ತಿದ್ದೆ. ಕೇಳುವವರು ತಲೆ ಆಡಿಸುತ್ತಿದ್ದರು. ಅವರ ಮೋಟರು ನನ್ನ ಕೈಲಿತ್ತಲ್ಲ, ಆಡಿಸದೆ ಏನು ಮಾಡಿಯಾರು.

ಸೋಲಾರ್ ಬಂದ ಮೇಲೆ ನಮ್ಮ ಕಡೆ ಕೆಲವು ಲೈನುಗಳಿಗೆ ಹಗಲೇ ಕರೆಂಟು ಕೊಡಲು ಶುರುಮಾಡಿದರು. ಒಳ್ಳೆಯ ಕೆಲಸ, ಈಗಲೂ ಹಾಗೇ ಹೇಳುತ್ತೇನೆ. ಮೊದಲಾದರೆ ಕರೆಂಟು ಹೊತ್ತುಗೊತ್ತಿಲ್ಲದೆ ಬರುತ್ತಿತ್ತು, ಒಬ್ಬೊಬ್ಬರು ಒಂದೊಂದು ಗಳಿಗೆಗೆ ಗದ್ದೆಗೆ ನಡೆದು ಹೋಗಿ ಕೈಯಲ್ಲೇ ಮೋಟರ್ ಹಾಕುತ್ತಿದ್ದರು. ಈಗ ಒಂಬತ್ತು ಗಂಟೆಗೆ ಸರಿಯಾಗಿ ಬರುತ್ತದೆ. ಆದರೆ ಅದೇ ಹೊತ್ತಿಗೆ ಹಾಲು ಡೈರಿಗೆ ಹೋಗಬೇಕು, ಮಕ್ಕಳು ಸ್ಕೂಲ್ ಬಸ್ಸು ಹತ್ತಬೇಕು. ಹಾಗಾಗಿ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡರು. ಸಣ್ಣ ಪೆಟ್ಟಿಗೆ ಅಷ್ಟೆ, ಕರೆಂಟು ಬಂದ ಕೂಡಲೇ ತಾನೇ ಮೋಟರ್ ಓಡಿಸುತ್ತದೆ. ಕರೆಂಟು ಬಂದು ಎಷ್ಟು ಹೊತ್ತಿಗೆ ಓಡಬೇಕು ಎಂದು ಗೊತ್ತುಮಾಡಲು ಅದರಲ್ಲೊಂದು ತಿರುಪು ಇರುತ್ತದೆ.

ಬೂಕನಕೆರೆ ಪಕ್ಕದ ಒಂದು ಹಳ್ಳಿಯಲ್ಲಿ ಒಂದೇ ಟ್ರಾನ್ಸ್‌ಫಾರ್ಮರಿಗೆ ಹದಿನಾಲ್ಕು ಮೋಟರು. ಟ್ರಾನ್ಸ್‌ಫಾರ್ಮರನ್ನು ನಮ್ಮಲ್ಲಿ ಟಿಸಿ ಅನ್ನುತ್ತಾರೆ. ಹದಿನಾಲ್ಕಕ್ಕೂ ಪೆಟ್ಟಿಗೆ ಕೂರಿಸಿದವನು ನಾನು. ಒಬ್ಬೊಬ್ಬರೂ ನನ್ನನ್ನು ಬದುವಿನ ಮರೆಗೆ ಕರೆದು, ಎಳನೀರು ಕೊಟ್ಟು, ಒಂದೇ ಮಾತು ಕೇಳಿದರು. ತಮ್ಮದು ಎಲ್ಲರಿಗಿಂತ ಮೊದಲು ಓಡಬೇಕು. ಮೊದಲು ಓಡಿದವರಿಗೆ ವೋಲ್ಟೇಜು ಚೆನ್ನಾಗಿ ಸಿಗುತ್ತದೆ, ನೀರೂ ಜಾಸ್ತಿ ಎಳೆಯುತ್ತದೆ ಎನ್ನುವುದು ಅವರ ಲೆಕ್ಕ. ಎದುರಿಗಿದ್ದವರಿಗೆ ಆಗಲ್ಲ ಎನ್ನುವುದು ನನ್ನ ಬಾಯಲ್ಲಿ ಬರುವುದಿಲ್ಲ. ನಿಂದೇ ಮೊದಲು ಅಣ್ಣ, ಯಾರಿಗೂ ಹೇಳಬೇಡ ಎಂದು ಗುಟ್ಟಾಗಿ ಹೇಳಿ ತಿರುಪನ್ನು ಪೂರ್ತಿ ಕೆಳಕ್ಕೆ, ಸೊನ್ನೆಗೆ ತಿರುಗಿಸುತ್ತಿದ್ದೆ. ಹೀಗೆ ಹದಿಮೂರು ಜನಕ್ಕೆ ಹೇಳಿದೆ.

ಹದಿನಾಲ್ಕನೆಯದು ನನ್ನ ಅಕ್ಕನದು. ಅವಳನ್ನು ಅದೇ ಊರಿಗೆ ಕೊಟ್ಟಿದೆ. ಭಾವ ಶ್ರೀರಂಗಪಟ್ಟಣದಲ್ಲಿ ಬಾಗಿಲು ಕಿಟಕಿ ಮಾಡುವ ಕಡೆ ಕೆಲಸಕ್ಕಿದ್ದಾರೆ, ಭಾನುವಾರ ಬರುತ್ತಾರೆ. ಒಂದೆಕರೆ ಹಿಪ್ಪುನೇರಳೆ ಸೊಪ್ಪಿಟ್ಟುಕೊಂಡು ರೇಷ್ಮೆ ಹುಳು ಸಾಕುವವಳು ಅಕ್ಕನೇ. ಅವಳು ಮಾತ್ರ ಬೇರೆ ಮಾತು ಹೇಳಿದಳು. ತನ್ನದು ಹಳೇ ಮೋಟರು, ಎಲ್ಲರದ್ದೂ ಓಡಿದ ಮೇಲೆ ಕೊನೆಗೆ ಓಡಲಿ ಎಂದಳು. ನನ್ನಕ್ಕನದು ಯಾಕೆ ಕೊನೆಗೆ ಎಂದು ನನಗೆ ರೋಷ ಬಂತು. ಅವಳು ಮಜ್ಜಿಗೆ ತರಲು ಹೋದಾಗ ಅವಳ ತಿರುಪನ್ನೂ ಕೆಳಕ್ಕೆ ತಿರುಗಿಸಿಬಿಟ್ಟೆ.

ಕೆಲವು ವಾರ ಏನೂ ಆಗಲಿಲ್ಲ, ಬೋರುಗಳಲ್ಲಿ ನೀರು ಮೇಲಿತ್ತು. ಬೇಸಿಗೆ ಬಲಿತು ನೀರು ಕೆಳಗಿಳಿಯಿತು, ಮೋಟರುಗಳು ತಿಣುಕತೊಡಗಿದವು. ಒಂದು ದಿನ ಬೆಳಗ್ಗೆ ಒಂಬತ್ತಕ್ಕೆ ಹದಿನಾಲ್ಕೂ ಒಂದೇ ಏಟಿಗೆ ಎದ್ದು ಎಳೆದವು. ಟಿಸಿ ಢಮ್ಮೆಂದು ಎಣ್ಣೆ ಉಗುಳಿ ಸುಟ್ಟುಹೋಯಿತು. ಬೇರೆ ಟಿಸಿ ಬಂದು ಕೂರುವುದಕ್ಕೆ ಎಂಟು ದಿನ ಆಯಿತು.

ಆ ಎಂಟು ದಿನ ಅಕ್ಕನ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದ ದಿನಗಳು. ಪೊರೆ ಬಿಡಲು ಹುಳು ತಿನ್ನದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳು ಹಸಿದ ದನದ ಹಾಗೆ ತಿನ್ನುತ್ತದೆ, ಆಗ ಹಸಿರಾದ, ರಸ ತುಂಬಿದ ಸೊಪ್ಪೇ ಬೇಕು. ನೀರಿಲ್ಲದೆ ತೋಟದ ಸೊಪ್ಪು ನಾಲ್ಕೇ ದಿನಕ್ಕೆ ಒರಟಾಯಿತು. ನಾನು ನಾಗಮಂಗಲದ ಕಡೆಯಿಂದ ಟೆಂಪೋದಲ್ಲಿ ಸೊಪ್ಪು ತಂದೆ, ದಾರಿಯ ಬಿಸಿಲಿಗೆ ಅದೂ ಬಾಡಿತು. ಆರನೇ ದಿನ ಹುಳುಗಳು ತಲೆ ಎತ್ತುವುದನ್ನು ಬಿಟ್ಟು ಮೆತ್ತಗಾದವು. ಸಪ್ಪೆ ರೋಗ. ಅಕ್ಕ ತಟ್ಟೆ ತಟ್ಟೆಯನ್ನೇ ಹೊತ್ತು ಹಿತ್ತಲ ಗುಂಡಿಗೆ ಸುರಿದು ಸುಣ್ಣ ಹಾಕಿದಳು. ಗೂಡು ಕಟ್ಟಿಸಲು ತೊಳೆದು ಒಣಗಿಸಿದ್ದ ಚಂದ್ರಿಕೆಗಳು ಗೋಡೆಗೆ ಒರಗಿಕೊಂಡೇ ಇದ್ದವು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಟಿಸಿನೇ ಹಳೇದಿತ್ತೇನೋ ಬುಡು ಎಂದು ನನಗೇ ಸಮಾಧಾನ ಹೇಳಿದಳು. ಆ ಮಾತು ನನಗೆ ಬೆಂಕಿ ಹಾಕಿದಂತಾಯಿತು.

ಊಟ ಸೇರಲಿಲ್ಲ. ಪೇಪರ್ ತೆಗೆದರೆ ದೇಶ ದೇಶಗಳು ಎಣ್ಣೆ ಕೂಡಿಟ್ಟುಕೊಳ್ಳುವ ಸುದ್ದಿ. ಮುದುರಿ ಎಸೆದೆ. ಹೊಸ ಟಿಸಿ ಕೂರಿಸುವ ದಿನ ಹದಿನಾಲ್ಕು ಮನೆಯವರಿಗೂ ಹೇಳಿಕಳಿಸಿದೆ, ನಿಮ್ಮ ನಿಮ್ಮ ಬೋರ್ಡಿನಿಂದ ಒಂದೊಂದು ಫ್ಯೂಸು ಕಿತ್ತುಕೊಂಡು ಟಿಸಿ ಹತ್ತಿರ ಬನ್ನಿ ಎಂದು. ಎಲ್ಲರೂ ಸೇರಿದ ಮೇಲೆ ಇದ್ದದ್ದನ್ನು ಹೇಳಿಬಿಟ್ಟೆ. ಎಲ್ಲರಿಗೂ ನಿಂದೇ ಮೊದಲು ಅಂದಿದ್ದೆ, ಎಲ್ಲರದ್ದನ್ನೂ ಒಂದೇ ಹೊತ್ತಿಗೆ ಇಟ್ಟಿದ್ದೆ, ಟಿಸಿ ಸುಟ್ಟಿದ್ದು ಅದಕ್ಕೆ.

ಎಲ್ಲರಿಗಿಂತ ಹಿರಿಯರೊಬ್ಬರು, "ನನ್ ತಾವೂ ಗುಟ್ಟು ಅಂತ ಯೋಳಿದ್ದಲ್ಲಾ ನೀನು" ಎಂದರು. ಪಕ್ಕದವರು ಅವರನ್ನೇ ದುರುಗುಟ್ಟಿ ನೋಡಿದರು. ಮೊದಲು ಓಡಿಸು ಎಂದು ತಾವೂ ಕೇಳಿದ್ದು ನೆನಪಾಗಿ ಒಬ್ಬೊಬ್ಬರೇ ತಲೆ ತಗ್ಗಿಸಿದರು. ಹಾಗಾಗಿ ನನಗೆ ಏಟು ಬೀಳಲಿಲ್ಲ.

ಟಿಸಿ ಪಕ್ಕದ ಕಲ್ಲುಕಂಬ ಒಂದು ಮುರಿದು ಅಡ್ಡ ಬಿದ್ದಿತ್ತು. ಅಪ್ಪನ ಕುಲುಮೆಯ ಕಲ್ಲಿನಂತೆ ಅದರ ಮೇಲೆ ಫ್ಯೂಸುಗಳನ್ನು ಸಾಲಾಗಿ ಇಡಿ ಎಂದೆ. ಬಂದವರು ಬಂದ ಹಾಗೆ ಇಡಬೇಕು, ಆ ಸಾಲಿನಂತೆಯೇ ಅರ್ಧರ್ಧ ನಿಮಿಷಕ್ಕೆ ಒಂದೊಂದು ಮೋಟರು ಓಡುತ್ತದೆ. ಎಲ್ಲರಿಗಿಂತ ಮೊದಲು ಬಂದವಳು ಅಕ್ಕ. ನೀನು ಇಡು ಅಕ್ಕ ಎಂದೆ. ಅವಳು ಸೆರಗಿನಲ್ಲಿ ಸುತ್ತಿದ್ದ ಫ್ಯೂಸನ್ನು ಕೈಲೇ ಹಿಡಿದು ಹಿಂದೆ ಸರಿದಳು. ಹದಿಮೂರೂ ಇಟ್ಟಾದ ಮೇಲೆ ಬಂದು ತುದಿಯಲ್ಲಿ ತನ್ನದನ್ನು ಇಟ್ಟಳು.

"ಎಲ್ಲರ್ದೂ ಓಡೋ ಸದ್ದು ಕೇಳುದ್ಮೇಲೆ ನಂದು ಓಡ್ಲಿ. ಟಿಸಿ ಉಳ್ಕಂಡದೆ ಅಂತ ಅವಾಗ ನಂಗೆ ಗೊತ್ತಾಯ್ತದೆ," ಎಂದಳು. ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಆವತ್ತೂ ಇದನ್ನೇ ಯೋಳಿದ್ದೆ ಕಣ್ಲಾ. ಈ ಸಲನಾರಾ ಮಾಡು."

ಅವಳ ದನಿಯಲ್ಲಿ ಬೆರಗಿರಲಿಲ್ಲ. ಅವಳ ತಿರುಪನ್ನೂ ತಿರುಗಿಸಿದ್ದು ನಾನು ಹೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು, ಬಹುಶಃ ಹುಳು ಸುರಿಯುವಾಗಲೇ. ನಾಚಿಕೆಯಿಂದ ನನಗೆ ಅವಳ ಕಣ್ಣು ನೋಡಲಾಗಲಿಲ್ಲ. ಎಲ್ಲರನ್ನೂ ಕರೆದುಕೊಂಡು ಗದ್ದೆ ಗದ್ದೆಗೆ ಹೋಗಿ, ಅವರ ಎದುರಿಗೇ ಹದಿನಾಲ್ಕು ತಿರುಪುಗಳನ್ನೂ ಸಾಲಿನಂತೆ ತಿರುಗಿಸಿದೆ. ಅಕ್ಕನದು ಏಳನೇ ನಿಮಿಷಕ್ಕೆ ಬಂತು.

ಈಗ ಅವಳು ಮತ್ತೆ ಹುಳು ಇಟ್ಟಿದ್ದಾಳೆ. ತನ್ನ ಮೋಟರ್ ಓಡಿದ ಕೂಡಲೇ ನನಗೊಂದು ಮಿಸ್ ಕಾಲ್ ಕೊಡುತ್ತಾಳೆ, ನಾನು ಎತ್ತುವುದಿಲ್ಲ, ತಂತಿ ಕೈಗೆತ್ತಿಕೊಳ್ಳುತ್ತೇನೆ. ಇವತ್ತು ಅವಳ ಹುಳು ನಾಲ್ಕನೇ ಜ್ವರದಿಂದ ಎದ್ದ ದಿನ. ಒಂಬತ್ತು ಏಳಾಯಿತು, ಎಂಟಾಯಿತು, ಫೋನ್ ಬರಲಿಲ್ಲ. ಬೈಕಿನ ಕೀ ತೆಗೆದುಕೊಂಡು ಮೆಟ್ಟಿಲು ಇಳಿಯುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಈ ಸಲ ನಿಲ್ಲಲೇ ಇಲ್ಲ. ಎತ್ತಿದೆ. ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಸೊಪ್ ಕುಯ್ತಾ ಮರ್ತುಬುಟ್ಟೆ. ನೀರು ಬಂದದೆ ಕಣ್ಲಾ," ಎಂದಳು ಅಕ್ಕ. "ಬಾಗ್ಲಲ್ಲಿ ನಿಂತಿದ್ದಿಯಾ, ಒಳಿಕ್ಕೋಗಿ ಕೂತ್ಕೋ."